ಬಳಸಿದಷ್ಟಕ್ಕೆ ಬೆಲೆ: ಆಸ್ಪತ್ರೆಯ ಯಂತ್ರಗಳ ಲೆಕ್ಕ

ಮಾನ್ಯರೇ,

ದಾವಣಗೆರೆಯ ನರ್ಸಿಂಗ್ ಹೋಂಗಳ ವೈದ್ಯರೂ ಜಗಳೂರು, ಚನ್ನಗಿರಿ, ಹೊನ್ನಾಳಿಯ ಸಣ್ಣ ಆಸ್ಪತ್ರೆಗಳನ್ನು ನಡೆಸುವವರೂ ಇಲ್ಲಿ ಸೇರಿದ್ದೀರಿ. ಯಂತ್ರವನ್ನು ಪೂರ್ತಿ ಹಣ ಕೊಟ್ಟು ಕೊಳ್ಳಬೇಕೇ, ಅಥವಾ ಕಂಪನಿಯವರೇ ತಂದು ಕೂರಿಸಿದ ಯಂತ್ರಕ್ಕೆ ಬಳಸಿದಷ್ಟಕ್ಕೆ ಮಾತ್ರ ಹಣ ಕಟ್ಟಬೇಕೇ ಎಂಬುದು ನಿಮ್ಮಲ್ಲಿ ಬಹುತೇಕರು ಎದುರಿಸುತ್ತಿರುವ ಪ್ರಶ್ನೆ.

ಈ ಪದ್ಧತಿ ಆಸ್ಪತ್ರೆಗಳಲ್ಲಿ ಹುಟ್ಟಿದ್ದಲ್ಲ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿಯು ತನ್ನ ವೈಪರ್ ಜೆಟ್ ಎಂಜಿನ್‌ಗಳ ನಿರ್ವಹಣೆಗೆ, ಹಾರಾಟದ ಗಂಟೆಗೆ ಇಷ್ಟು ಎಂದು ದರ ಗೊತ್ತುಮಾಡಿತು. ಎಂಜಿನ್ ಕೆಟ್ಟು ನಿಂತರೆ ಕಂಪನಿಯ ಆದಾಯವೂ ನಿಲ್ಲುತ್ತದೆಯಾದ್ದರಿಂದ, ಅದು ಕೆಡದಂತೆ ನೋಡಿಕೊಳ್ಳುವ ಹೊಣೆ ತಯಾರಕರ ಹೆಗಲಿಗೇ ಬಿತ್ತು. ಈ ಪದ್ಧತಿಯ ನಿಜವಾದ ಗುಣ ಇದು.

ನಮ್ಮ ಲ್ಯಾಬ್‌ಗಳಲ್ಲಿ ಇದಕ್ಕೆ ರೀಏಜೆಂಟ್ ರೆಂಟಲ್ ಎನ್ನುತ್ತಾರೆ. ರೀಏಜೆಂಟ್ ಎಂದರೆ ಪರೀಕ್ಷೆಗೆ ಬೇಕಾದ ರಾಸಾಯನಿಕ. ಯಂತ್ರಕ್ಕೆ ಬೆಲೆ ಕೇಳುವುದಿಲ್ಲ. ಅದು ರೀಏಜೆಂಟಿನ ದರದೊಳಗೆ ಸೇರಿರುತ್ತದೆ. ಉದಾಹರಣೆಗೆ ರಕ್ತಕಣಗಳನ್ನು ಎಣಿಸುವ ಒಂದು ಸೆಲ್ ಕೌಂಟರಿಗೆ 6 ಲಕ್ಷ ರೂಪಾಯಿ, ಬಾಳಿಕೆ 5 ವರ್ಷ, ಬಿಡಿಭಾಗವೂ ಸೇರಿದ ನಿರ್ವಹಣೆಗೆ ವರ್ಷಕ್ಕೆ 36,000 ಎಂದು ಇಟ್ಟುಕೊಳ್ಳೋಣ. ಬಡ್ಡಿಯನ್ನು ಬಿಟ್ಟರೂ ತಿಂಗಳಿಗೆ 13,000 ರೂಪಾಯಿ ಬೀಳುತ್ತದೆ. ಬಳಕೆಯ ಒಪ್ಪಂದದಲ್ಲಿ ಪ್ರತಿ ಪರೀಕ್ಷೆಗೆ 13 ರೂಪಾಯಿ ಹೆಚ್ಚು ಕೇಳಿದರೆ, ತಿಂಗಳಿಗೆ 1,000 ಪರೀಕ್ಷೆ ದಾಟುವ ಲ್ಯಾಬಿಗೆ ಕೊಳ್ಳುವುದೇ ಅಗ್ಗ. 400ರಲ್ಲೇ ನಿಲ್ಲುವ ಲ್ಯಾಬಿಗೆ ಒಪ್ಪಂದವೇ ಅಗ್ಗ.

ಆದರೆ ಯಾವುದನ್ನು ಒಂದು ಪರೀಕ್ಷೆ ಎಂದು ಎಣಿಸುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ನಾನು ಹಿಂದೆ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಹೆಣ್ಣುಮಗಳು ಬೆಳಿಗ್ಗೆ ಬಂದ ಕೂಡಲೇ ಫ್ರಿಜ್ಜಿನಿಂದ ಯಂತ್ರ ಸರಿಯಾಗಿ ಎಣಿಸುತ್ತಿದೆಯೇ ಎಂದು ನೋಡುವ ಮೂರು ಕಂಟ್ರೋಲ್ ಸೀಸೆಗಳನ್ನು ತೆಗೆದು, ತಣ್ಣಗಿರುವುದು ಹೋಗುವವರೆಗೆ ಕಾದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಯಂತ್ರಕ್ಕೆ ಕೊಡುತ್ತಿದ್ದಳು. ಮೊದಲ ರೋಗಿಯ ರಕ್ತ ಬರುವ ಮೊದಲೇ ಬಿಲ್ಲಿನ ಎಣಿಕೆ ಮೂರು ಮುಂದೆ ಹೋಗಿರುತ್ತಿತ್ತು. ತಿಂಗಳಿಗೆ 90 ಎಣಿಕೆಗಳು ಯಾವ ರೋಗಿಯ ವರದಿಗೂ ಸೇರದೆ ಬಿಲ್ಲಿಗೆ ಮಾತ್ರ ಸೇರುತ್ತಿದ್ದವು. ಕೊನೆಗೆ ಆಡಳಿತದವರು ಕಂಟ್ರೋಲನ್ನು ವಾರಕ್ಕೆರಡು ಸಲ ಮಾಡಿದರೆ ಸಾಕೆಂದರು. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಪ್ಲೇಟ್‌ಲೆಟ್ ಎಣಿಕೆ ನಂಬಿ ಡೆಂಗಿ ರೋಗಿಗೆ ಚಿಕಿತ್ಸೆ ನಿರ್ಧರಿಸುವ ಮಳೆಗಾಲದಲ್ಲಿ ಉಳಿಸಬಾರದ ಹಣ ಅದು. ರೋಗಿಗೆ ಕೊಟ್ಟ ವರದಿಗೆ ಮಾತ್ರ ದರ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಆ ಪ್ರಸಂಗವೇ ಬರುತ್ತಿರಲಿಲ್ಲ.

ಕನಿಷ್ಠ ಸಂಖ್ಯೆಯ ಷರತ್ತು ಇನ್ನೂ ಸೂಕ್ಷ್ಮವಾದದ್ದು. ತಿಂಗಳಿಗೆ ಇಷ್ಟು ಸ್ಕ್ಯಾನ್ ಆಗದಿದ್ದರೂ ಇಷ್ಟರ ಹಣ ಕಟ್ಟಬೇಕು ಎಂದಾದಾಗ, ಯಂತ್ರ ಖಾಲಿ ಕೂರುವ ನಷ್ಟ ಮತ್ತೆ ಆಸ್ಪತ್ರೆಗೇ ಬರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಬೇಡದ ಸಿ.ಟಿ. ಬರೆಯುವ ಒತ್ತಡವೂ ವೈದ್ಯರ ಮೇಲೆ ಬೀಳುತ್ತದೆ. ಡಯಾಲಿಸಿಸ್‌ನಲ್ಲಿ ಈ ಭಯ ಕಡಿಮೆ. ಅಲ್ಲಿ ಅದೇ ರೋಗಿಗಳು ವಾರಕ್ಕೆ ಎರಡೋ ಮೂರೋ ಸಲ ಬರುವುದರಿಂದ ಸಂಖ್ಯೆ ಮೊದಲೇ ಗೊತ್ತಿರುತ್ತದೆ. 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಖಾಸಗಿ ಸಹಭಾಗಿತ್ವದಲ್ಲಿ ಪ್ರತಿ ಸರದಿಗೆ ದರ ಕೊಡುವ ದಾರಿ ಹಿಡಿದದ್ದು ನನಗೆ ಸರಿಯೆನಿಸುತ್ತದೆ.

ವೆಂಟಿಲೇಟರ್, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್‌ಗಳ ವಿಷಯವೇ ಬೇರೆ. ಅವು ಸಿದ್ಧವಾಗಿ ನಿಂತಿರುವುದಕ್ಕೇ ಬೆಲೆ. ಓಡಿದ ಗಂಟೆಗಳನ್ನು ಎಣಿಸಿದರೆ ಆ ಬೆಲೆ ತಿಳಿಯುವುದಿಲ್ಲ. ಅವನ್ನು ಸಾಲ ಮಾಡಿಯಾದರೂ ಕೊಳ್ಳಿ. ಹೆದ್ದಾರಿಯ ಅಪಘಾತದ ಗಾಯಾಳು ಬಂದ ರಾತ್ರಿ ಡಿಫಿಬ್ರಿಲೇಟರ್ ಕೆಲಸ ಮಾಡಬೇಕಾದರೆ, ವಾರವಿಡೀ ಯಾರೂ ಅದನ್ನು ಬಳಸದಿದ್ದರೂ ನರ್ಸ್ ಪ್ರತಿ ಬೆಳಿಗ್ಗೆ ಬ್ಯಾಟರಿ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿರಬೇಕು.