ಕೊಸರು ಹಾಡು

(ಮೈಸೂರಿನ ಬಡಾವಣೆಯೊಂದರ ಓದುಗರ ಬಳಗದಲ್ಲಿ ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಬಳಗದ ಗೆಳೆಯರೇ, ತಾಯಂದಿರೇ,

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನೀವು ಇಷ್ಟು ಜನ ಇಲ್ಲಿ ಕೂತಿದ್ದೀರಿ ಅಂದರೆ ಉಳಿದ ಅರ್ಧ ಬಡಾವಣೆ ಕೊಡಗಿಗೋ ವಯನಾಡಿಗೋ ಹೋಗಿದೆ ಅಂತ ಲೆಕ್ಕ. ಎಲ್ಲಿಗೂ ಹೋಗದೆ ಉಳಿದವರಿಗೆ ವಾರಾಂತ್ಯದ ಪ್ರವಾಸದ ಬಗ್ಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಪತ್ರದಲ್ಲಿ ಅಧ್ಯಕ್ಷರು ಹಾಕಿಸಿದ ವಿಷಯ ನೋಡಿದಿರಲ್ಲ: ದಿನನಿತ್ಯದ ಬದುಕು, ವಾರಾಂತ್ಯದ ಪ್ರವಾಸ ಮತ್ತು ನೆಚ್ಚಿನ ಹಾಡು. ನಲವತ್ತು ನಿಮಿಷಕ್ಕೆ ಮೂರು ವಿಷಯ. ನಾನು ಪ್ರೊಫೆಸರಲ್ಲ, ಹಾಸನದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಆ ಅಂಗಡಿ ಆಮೇಲೆ ಸಿಡಿ ಅಂಗಡಿಯಾಯಿತು, ಆಮೇಲೆ ಕರೆನ್ಸಿ ಹಾಕುವ ಅಂಗಡಿಯಾಯಿತು, ಈಗ ಅಲ್ಲಿ ಗೋಬಿ ಮಂಚೂರಿ ಮಾಡುತ್ತಾರೆ. ನನ್ನ ಕಾಲಕ್ಕಿಂತ ವ್ಯಾಪಾರ ಚೆನ್ನಾಗಿದೆ.

ನಾನು ಒಪ್ಪಿಕೊಂಡು ಬಂದದ್ದಕ್ಕೆ ಒಂದು ಕಾರಣ ಇದೆ. ಕಳೆದ ತಿಂಗಳು ಇದೇ ಬಳಗದಲ್ಲಿ ಚೀಟಿ ಹಂಚಿ, ನಿಮ್ಮ ನೆಚ್ಚಿನ ಹತ್ತು ಹಾಡು ಬರೆಯಿರಿ ಅಂದಿರಿ. ಒಬ್ಬೊಬ್ಬರೇ ಎದ್ದು ಓದಿದರು. ನಾನು ಹಿಂದೆ ಕೂತು ಕೇಳುತ್ತಿದ್ದೆ. ರಾಗದ ಬಗ್ಗೆ, ಸಾಹಿತ್ಯದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಒಬ್ಬರಿಗೆ ಅದು ಅಕ್ಕನ ಮದುವೆಯ ಚಪ್ಪರಕ್ಕೆ ಕಟ್ಟಿದ್ದ ಮೈಕಿನಲ್ಲಿ ಬಂದ ಹಾಡು, ಇನ್ನೊಬ್ಬರಿಗೆ ಧರ್ಮಸ್ಥಳದ ಬಸ್ಸಿನ ಡ್ರೈವರ್ ಹಾಕಿದ ಹಾಡು, ಮತ್ತೊಬ್ಬರಿಗೆ ಪಕ್ಕದ ಮನೆ ರೇಡಿಯೋ ಗೋಡೆ ದಾಟಿ ಬಂದದ್ದು. ನೆಚ್ಚಿನ ಹಾಡು ಅಂತ ನಾವು ಹೇಳುವುದರಲ್ಲಿ ಮುಕ್ಕಾಲು ಪಾಲು ನಾವು ಹಾಕಿದ್ದಲ್ಲ, ಬೇರೆ ಯಾರೋ ಹಾಕಿದ್ದು. ಇದು ನನ್ನ ವಾದ. ಕೇಳಿ ಪಡೆದ ಹಾಡು ಮನರಂಜನೆ, ಕೇಳದೇ ಬಂದ ಹಾಡು ನೆನಪು. ಈ ಮಾತನ್ನು ಇವತ್ತು ಬಹಳ ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಕಾಲದ ಕ್ರಮ ಐವತ್ತು ದಾಟಿದವರಿಗೆಲ್ಲ ಗೊತ್ತು. ಗಿರಾಕಿ ನೋಟ್‌ಬುಕ್ಕಿನ ಹಾಳೆ ಹರಿದು ಪಟ್ಟಿ ಬರೆದು ತರುತ್ತಿದ್ದರು. ನಾವು ಎಲ್‌ಪಿಯಿಂದಲೋ ಇನ್ನೊಂದು ಕ್ಯಾಸೆಟ್ಟಿನಿಂದಲೋ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆವು. (ಅದು ಕಾನೂನಿಗೆ ಸರಿಯೇ ಅಂತ ಹಿಂದಿನ ಸಾಲಿನ ವಕೀಲರು ಕೇಳಬಾರದು. ಅವರೂ ತುಂಬಿಸಿಕೊಂಡವರೇ.) ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ ಮೂವತ್ತು ನಿಮಿಷ. ಸಿನಿಮಾ ಹಾಡು ನಾಲ್ಕು, ನಾಲ್ಕೂವರೆ ನಿಮಿಷ. ಆರು ಹಾಡು ಹಾಕಿದ ಮೇಲೆ ಮೂರ್ನಾಲ್ಕು ನಿಮಿಷ ಟೇಪು ಮಿಗುತ್ತದೆ. ಪಟ್ಟಿಯ ಏಳನೆಯ ಹಾಡು ಹಾಕಿದರೆ ಚರಣದ ನಡುವೆ ಕತ್ತರಿಸಿ ಹೋಗುತ್ತದೆ, ಗಿರಾಕಿ ಬೈಯುತ್ತಾರೆ. ಖಾಲಿ ಬಿಟ್ಟರೆ ಸುಯ್ಯೆಂದು ಸದ್ದು ಬರುತ್ತದೆ, ಕ್ಯಾಸೆಟ್ ಕೆಟ್ಟಿದೆ ಅಂತ ವಾಪಸ್ ತರುತ್ತಾರೆ. ಹಾಗಾಗಿ ಆ ಮಿಕ್ಕ ಜಾಗಕ್ಕೆ ಸರಿಯಾಗಿ ಕೂರುವ ಒಂದು ಚಿಕ್ಕ ಹಾಡನ್ನು ನಾನೇ ಹುಡುಕಿ ಹಾಕುತ್ತಿದ್ದೆ. ಅಂಗಡಿ ಹುಡುಗರು ಅದಕ್ಕೆ ಕೊಸರು ಅನ್ನುತ್ತಿದ್ದರು. ಕೊನೆಗೆ ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಪಟ್ ಪಟ್ ಅಂತ ಮುರಿದು ಕೊಟ್ಟರೆ ಮುಗಿಯಿತು, ಮನೆಯ ಮಕ್ಕಳು ಕೆಂಪು ಗುಂಡಿ ಒತ್ತಿದರೂ ಹಾಡು ಅಳಿಸುವುದಿಲ್ಲ.

ಬ್ಯಾಂಕಿನವರೊಬ್ಬರು ನಮ್ಮ ಖಾಯಂ ಗಿರಾಕಿ. ಹೆಸರು ಬೇಡ. ಹಿಂದಿ ಸಿನಿಮಾ ಗಾಯಕ ಮುಖೇಶ್ ಅಂದರೆ ಪ್ರಾಣ. ಒಂದು ಶುಕ್ರವಾರ ಸಂಜೆ ಹನ್ನೆರಡು ಹಾಡಿನ ಪಟ್ಟಿ ತಂದರು, ಹನ್ನೆರಡೂ ಮುಖೇಶ್. ಮಾರನೆಯ ದಿನ ಅರ್ಧ ದಿನದ ಕೆಲಸ ಮುಗಿಸಿ ಹೆಂಡತಿ ಮಕ್ಕಳ ಜೊತೆ ಮಾರುತಿ ವ್ಯಾನಿನಲ್ಲಿ ಸುಬ್ರಹ್ಮಣ್ಯಕ್ಕೆ ಹೊರಡುವವರಿದ್ದರು. ನಾನು ತುಂಬಿಸಿದೆ. ಮೊದಲ ಬದಿಯಲ್ಲಿ ಮೂರು ನಿಮಿಷ ಮಿಕ್ಕಿತು. ಅಲ್ಲಿಗೆ ಸರಿಯಾಗಿ ಮೈಸೂರು ಅನಂತಸ್ವಾಮಿಯವರು ಹಾಡಿದ ಒಂದು ಭಾವಗೀತೆ ಕೂತಿತು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಅಂಥ ಹಾಡುಗಳಿಗೆ ನಮ್ಮ ಅಂಗಡಿಯಲ್ಲಿ ಕೊರತೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವುದಕ್ಕೇ ಕಾಯುತ್ತಿದ್ದರು ಸಾಹೇಬರು.

“ಏನ್ರೀ, ಮುಖೇಶ್ ಮಧ್ಯೆ ಇವರನ್ನ ಯಾಕ್ರೀ ತೂರಿಸಿದ್ರಿ? ನಾನು ಕೇಳಿದ್ನಾ?”

“ಅದಕ್ಕೆ ದುಡ್ಡು ತಗೊಂಡಿಲ್ಲ ಸಾರ್, ಕೊಸರು.”

“ಕೊಸರು ಕೊತ್ತಂಬರಿ ಸೊಪ್ಪಿಗೆ ಇರ್ಲಿ!”

ಆಮೇಲೆ ನಡೆದದ್ದು ಹೇಳಿದರು. ಗುಂಡ್ಯಕ್ಕೆ ಇನ್ನೂ ದೂರ ಇರುವಾಗಲೇ ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿ, ಹಿಂದೆ ಮುಂದೆ ಎಲ್ಲ ಗಾಡಿ ನಿಂತುಬಿಟ್ಟವು. ರಾತ್ರಿಯೆಲ್ಲ ಅಲ್ಲೇ. ವ್ಯಾನಿನಲ್ಲಿದ್ದದ್ದು ಒಂದೇ ಕ್ಯಾಸೆಟ್. ಹೊಸ ಸ್ಟೀರಿಯೋ, ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿಗೆ ತಿರುಗುವಂಥದ್ದು. ಮಕ್ಕಳು ಕತ್ತಲಿಗೆ ಹೆದರುತ್ತಾರೆ ಅಂತ ನಿಲ್ಲಿಸಲೂ ಇಲ್ಲ. ಗಂಟೆಗೊಂದು ಸಲ ನನ್ನ ಕೊಸರು ಬರುತ್ತಿತ್ತು, ಗಂಟೆಗೊಂದು ಸಲ ಅವರು ನನಗೆ ಬೈಯುತ್ತಿದ್ದರು. ಬ್ಯಾಟರಿ ಇಳಿಯುವವರೆಗೂ ಇದೇ.

ಮುಖ್ಯವಾದದ್ದು ಇನ್ನು ಮುಂದೆ ಇದೆ, ಅಧ್ಯಕ್ಷರು ಗಡಿಯಾರ ನೋಡಬಾರದು. ಎಷ್ಟೋ ವರ್ಷ ಆಯಿತು. ಅಂಗಡಿ ಸಿಡಿಗೆ ತಿರುಗಿತ್ತು. ಒಬ್ಬ ಹೆಣ್ಣುಮಗಳು ಗಂಡನ ಜೊತೆ ಬಂದಳು. “ಅಂಕಲ್, ಒಂದು ಹಾಡು ಬೇಕು, ಹೆಸರು ಗೊತ್ತಿಲ್ಲ, ಯಾರು ಹಾಡಿದ್ದೂ ಗೊತ್ತಿಲ್ಲ” ಅಂತ ನಿಂತಲ್ಲೇ ಗುನುಗಿದಳು. ಎರಡನೆಯ ಸಾಲಿಗೆ ನನಗೆ ಹೊಳೆಯಿತು. ಅದೇ ಹಾಡು, ಅದೇ ಬ್ಯಾಂಕಿನವರ ಮಗಳು. ಉಳಿದ ಹನ್ನೆರಡು ಹಾಡು ಯಾವುವು ಅಂತ ಕೇಳಿದೆ, ಒಂದೂ ನೆನಪಿಲ್ಲ. ಈ ಹಾಡಿನ ಜೊತೆ ಏನೇನು ನೆನಪಿದೆ ಗೊತ್ತೇ? ಪಕ್ಕದ ಲಾರಿಯ ಕ್ಲೀನರ್ ರಸ್ತೆ ಮೇಲೆ ಪಂಪ್ ಸ್ಟೌ ಹಚ್ಚಿ ಅನ್ನ ಮಾಡಿದ್ದು, ಅನ್ನದ ಮೇಲೆ ನಿಂಬೆಕಾಯಿ ಉಪ್ಪಿನಕಾಯಿ ಇಟ್ಟು ಮಕ್ಕಳಿಗೆ ಅಲ್ಯೂಮಿನಿಯಂ ಮುಚ್ಚಳದಲ್ಲಿ ಕೊಟ್ಟದ್ದು, ಯಾವತ್ತೂ ಹೊರಗಿನದ್ದು ಮುಟ್ಟದ ಅಮ್ಮ ಅದನ್ನು ತಿಂದದ್ದು. ದೇವಸ್ಥಾನ ನೋಡಿದ ನೆನಪೇ ಇಲ್ಲ ಅಂದಳು.

“ಅಪ್ಪನಿಗೆ ಈ ಹಾಡು ಕಂಡರೆ ಆಗ್ತಿರಲಿಲ್ಲವಲ್ಲಮ್ಮ” ಅಂದೆ.

“ಎಲ್ಲಿ ಅಂಕಲ್! ಈಗ ಅವರೇ ಹುಡುಕ್ತಿರೋದು. ‘ಆವತ್ತು ನಾನೇ ಪಟ್ಟಿಗೆ ಬರೆದಿದ್ದೆ’ ಅಂತಾರೆ.”

ನಗಬೇಡಿ, ನಾವೆಲ್ಲ ಅದೇ ಜಾತಿ. ಕೇಳದೇ ಬಂದದ್ದು ಇಷ್ಟವಾದ ಮೇಲೆ ಅದನ್ನು ನಾವೇ ಆರಿಸಿಕೊಂಡೆವು ಅಂದುಕೊಳ್ಳುತ್ತೇವೆ.

ಇದಕ್ಕೆ ವಿಜ್ಞಾನ ಇದೆಯೇ ಅಂತ ನನ್ನ ಮಗ ಕೇಳಿದ. ಹುಡುಕಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಪೀಟರ್ ಜನಾಟಾ ಅಂತ ಒಬ್ಬ ಸಂಶೋಧಕರಿದ್ದಾರೆ. ಅವರ 2009ರ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಹಾಡಿನ ತುಣುಕು ಕೇಳಿಸಿದರು. ಪರಿಚಯದ, ನೆನಪು ತಂದ ಹಾಡು ಬಂದಾಗ ಹಣೆಯ ಹಿಂದಿನ ಮಿದುಳಿನ ಒಂದು ಭಾಗ ಚುರುಕಾಗುತ್ತಿತ್ತು. ಅಲ್ಲಿ ನನಗೆ ಬೇಕಾದ ಮಾತು ಬೇರೆ. ಆ ತುಣುಕುಗಳನ್ನು ವಿದ್ಯಾರ್ಥಿಗಳು ಆರಿಸಿರಲಿಲ್ಲ. ಅವರಿಗೆ ಎಂಟರಿಂದ ಹದಿನೆಂಟು ವರ್ಷ ಇದ್ದ ಕಾಲದಲ್ಲಿ ಜನಪ್ರಿಯವಾಗಿದ್ದ ಹಾಡುಗಳಿಂದ ಹೀಗೇ ಎತ್ತಿಕೊಂಡವು. ಅಂದರೆ ಆ ಯಂತ್ರದೊಳಗೂ ಕೊಸರೇ. ಹರೆಯದ ಸುತ್ತಮುತ್ತಲಿನ ನೆನಪು ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ. ಆ ವಯಸ್ಸಿನಲ್ಲಿ ನಮ್ಮಲ್ಲಿ ಯಾರ ಕೈಯಲ್ಲಿ ರೇಡಿಯೋ ತಿರುಗುಗುಂಡಿ ಇತ್ತು ಹೇಳಿ? ಅಪ್ಪನ ಕೈಯಲ್ಲಿ, ಇಲ್ಲವೇ ಅಣ್ಣನ ಕೈಯಲ್ಲಿ.

ಮನಶ್ಶಾಸ್ತ್ರ ಮತ್ತು ರೇಡಿಯೋ ಅಂದಾಗ ಈ ಊರಿನ ಋಣ ನೆನೆಯಲೇಬೇಕು. ಇಲ್ಲಿಂದ ನಡೆದೇ ಹೋಗಬಹುದಾದ ‘ವಿಠ್ಠಲ ವಿಹಾರ’ದಲ್ಲಿ 1935ರ ಸೆಪ್ಟೆಂಬರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಅದಕ್ಕಿಟ್ಟ ಆಕಾಶವಾಣಿ ಅನ್ನುವ ಹೆಸರು ಮುಂದೆ ಇಡೀ ದೇಶದ್ದಾಯಿತು. ಇದು ನಿಮಗೆಲ್ಲ ಗೊತ್ತು, ಮೈಸೂರಿನವರಿಗೆ ಹೇಳುವುದು ಅಧಿಕಪ್ರಸಂಗ. ಆದರೆ ಅವರು ಎಂಜಿನಿಯರ್ ಅಲ್ಲ, ಸಂಗೀತ ವಿದ್ವಾಂಸರೂ ಅಲ್ಲ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1924ರಲ್ಲಿ ಅಲ್ಲಿ ಆ ವಿಭಾಗ ಕಟ್ಟಿದವರೇ ಅವರು. ಮನಸ್ಸನ್ನು ಓದಿದವರೇ ಯಾಕೆ ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟರು ಅಂತ ನಾನು ಆಗಾಗ ಯೋಚಿಸುತ್ತೇನೆ. ಉತ್ತರ ನನ್ನ ಅನುಕೂಲಕ್ಕೇ ಬರುತ್ತದೆ, ಹಾಗಾಗಿ ಹೇಳುವುದಿಲ್ಲ.

ಕೋರಿಕೆ ಕಾರ್ಯಕ್ರಮಗಳನ್ನು ನೆನೆಸಿಕೊಳ್ಳಿ. ಕಾಗದ ಹಾಕಿದ್ದು ನೀವು, ನಿಮ್ಮ ಹಾಡು ಬರುವುದು ಯಾವತ್ತೋ. ಅಲ್ಲಿಯವರೆಗೆ ಊರೂರ ಹೆಸರು, ಯಾರ‍್ಯಾರದೋ ಮಕ್ಕಳ ಹೆಸರು, ಅವರು ಕೇಳಿದ ಹಾಡು. ಕೋರಿಕೆ ಕಾಗದಗಳಿಗೇ ಹೆಸರಾಗಿದ್ದ, ಆಗ ಬಿಹಾರದಲ್ಲಿದ್ದು ಈಗ ಜಾರ್ಖಂಡಿಗೆ ಸೇರಿರುವ ಝುಮ್ರಿ ತಲೈಯಾ ಭೂಪಟದಲ್ಲಿ ಎಲ್ಲಿದೆ ಅಂತ ನಮ್ಮ ತಾಯಿಗೆ ಗೊತ್ತಿರಲಿಲ್ಲ, ಆದರೆ ಆ ಊರಿನವರಿಗೆ ಬೇಕಾದ ಹಾಡುಗಳೆಲ್ಲ ಬಾಯಿಪಾಠ. ಅದೂ ಹಿಂದಿ ಬಾರದ ನಮ್ಮ ತಾಯಿಗೆ.

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆ. ನಮ್ಮ ಬಳಗದ ಮೇಡಂ ಒಬ್ಬರು ಬಾಗಿಲಲ್ಲೇ ನನ್ನನ್ನು ಹಿಡಿದು ಕೇಳಿದರು. “ಹಾಗಾದ್ರೆ ಬಸ್ಸಲ್ಲಿ ಪಕ್ಕದವನು ಮೊಬೈಲಲ್ಲಿ ಜೋರಾಗಿ ರೀಲ್ಸ್ ಹಾಕಿದ್ರೆ, ಜಲಪಾತದ ಮುಂದೆ ಹುಡುಗರು ಸ್ಪೀಕರ್ ಇಟ್ಟು ಕುಣಿದ್ರೆ ಅದೂ ಕೊಸರಾ?” ಗಟ್ಟಿ ಪ್ರಶ್ನೆ. 2021ರಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲಿನ ಸದ್ದು ಜೋರು ಮಾಡುವವರನ್ನು ತಡೆಯಿರಿ, ಕೇಳದಿದ್ದರೆ ಇಳಿಸಿ ಅಂತ ಸೂಚನೆ ಬಂದಾಗ ನಾನೂ ಸಂತೋಷಪಟ್ಟೆ. ಹಾಗಾದರೆ ಡ್ರೈವರ್ ಹಾಕಿದ ಹಾಡಿಗೂ ಇದಕ್ಕೂ ವ್ಯತ್ಯಾಸ ಏನು? ನನ್ನ ಉತ್ತರ ಹೀಗಿದೆ. ಡ್ರೈವರ್ ಹಾಕಿದ ಹಾಡನ್ನು ಬಸ್ಸೆಲ್ಲ ಕೇಳುತ್ತಿತ್ತು, ಅವನೂ ಕೇಳುತ್ತಿದ್ದ, ಪೂರ್ತಿ ಕೇಳುತ್ತಿದ್ದ. ಪಕ್ಕದವನು ಹಾಕಿದ್ದನ್ನು ಅವನೇ ಕೇಳುವುದಿಲ್ಲ, ಹದಿನೈದು ಸೆಕೆಂಡಿಗೆ ಬೆರಳಲ್ಲಿ ತಳ್ಳಿಬಿಡುತ್ತಾನೆ. ಪಲ್ಲವಿ ಮುಗಿಯದ ಹಾಡಿಗೆ ನೆನಪು ಅಂಟಿಕೊಳ್ಳುವುದು ಹೇಗೆ? ಜಲಪಾತದ ಹುಡುಗರ ಬಗ್ಗೆ ನನ್ನಲ್ಲಿ ಉತ್ತರ ಇಲ್ಲ, ಅಲ್ಲಿ ನೀರಿನ ಸದ್ದೇ ಸಾಕು. ಮೇಡಂ ತಲೆ ಅಲ್ಲಾಡಿಸುತ್ತಿದ್ದಾರೆ. ಒಪ್ಪಿಗೆಯೋ ಅಲ್ಲವೋ ತಿಳಿಯುತ್ತಿಲ್ಲ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಬರೆದಿದ್ದಾರೆ. ಪ್ರವಾಸಕ್ಕೆ ನಾನಿನ್ನೂ ಬಂದೇ ಇಲ್ಲ.

ಬೇಗ ಹೇಳುತ್ತೇನೆ. ನಮ್ಮ ಹರೆಯದಲ್ಲಿ ವಾರಾಂತ್ಯ ಅನ್ನುವುದು ಇರಲಿಲ್ಲ. ಇದ್ದದ್ದು ಭಾನುವಾರ, ಸರ್ಕಾರಿ ನೌಕರರಿಗೆ ಎರಡನೇ ಶನಿವಾರ. ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ ಸಿಕ್ಕಿದ್ದೇ 2015ರ ಸೆಪ್ಟೆಂಬರಿನಲ್ಲಿ. ಊರು ಬಿಟ್ಟು ಹೋಗಲು ಮನೆದೇವರೋ ಮದುವೆಯೋ ನೆಪ ಬೇಕಿತ್ತು. ಸುಮ್ಮನೆ ನೋಡಿಕೊಂಡು ಬರುವುದಕ್ಕೆ ಹೋಗುತ್ತೇವೆ ಅಂದರೆ ಮನೆಯಲ್ಲಿ ಹಿರಿಯರು ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಿದ್ದರು. ಈಗಿನ ಮಕ್ಕಳು ವಾರವೆಲ್ಲ ದುಡಿದು ಶುಕ್ರವಾರ ರಾತ್ರಿಯೇ ಹೊರಡುತ್ತಾರೆ, ಹೊರಡಲಿ. ನನ್ನ ತಕರಾರು ಕಾರಿನೊಳಗಿನದ್ದು. ನಾಲ್ಕು ಜನ, ಎಂಟು ಕಿವಿಗೂ ಇಯರ್‌ಫೋನು, ನಾಲ್ಕು ಪಟ್ಟಿ. ಒಂದೇ ಸಕಲೇಶಪುರಕ್ಕೆ ನಾಲ್ಕು ಬೇರೆ ಬೇರೆ ಪ್ರವಾಸ ಹೋಗಿ ಬರುತ್ತಾರೆ.

2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ದಶಪಥ ರಸ್ತೆ ಉದ್ಘಾಟನೆಯಾಯಿತಲ್ಲ, ಈಗ ಬಿಡದಿ ಸಿಗುವುದಿಲ್ಲ, ಚನ್ನಪಟ್ಟಣ ಸಿಗುವುದಿಲ್ಲ, ಮದ್ದೂರು ಸಿಗುವುದಿಲ್ಲ. ವಡೆ ತಿನ್ನಬೇಕು ಅಂತ ಮೊದಲೇ ತೀರ್ಮಾನಿಸಿಕೊಂಡು ಸರ್ವಿಸ್ ರಸ್ತೆಗೆ ಇಳಿಯಬೇಕು. ಮೊದಲೆಲ್ಲ ಬೇಕೋ ಬೇಡವೋ ಮದ್ದೂರು ತಾನೇ ಬರುತ್ತಿತ್ತು, ಬಸ್ಸಿನ ಕಿಟಕಿಗೆ ವಡೆ ಬರುತ್ತಿತ್ತು, ಹಸಿವಿಲ್ಲದಿದ್ದರೂ ತಿನ್ನುತ್ತಿದ್ದೆವು. ಹಾಡನ್ನು ಸ್ಕಿಪ್ ಮಾಡುವುದೂ ಒಂದು ಬೈಪಾಸೇ. ಕ್ಯಾಸೆಟ್ಟಿನಲ್ಲಿ ಮುಂದಿನ ಹಾಡಿಗೆ ಹಾರುವುದು ಅಷ್ಟು ಸುಲಭ ಇರಲಿಲ್ಲ. ಟೇಪು ಓಡಿಸಬೇಕು, ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲ, ಸುತ್ತಿಕೊಂಡರೆ ಕಥೆ ಮುಗಿಯಿತು. ಅದಕ್ಕಿಂತ ಬೇಡದ ಹಾಡು ಮುಗಿಯಲಿ ಅಂತ ಕೂರುವುದೇ ವಾಸಿ ಅನ್ನಿಸುತ್ತಿತ್ತು. ಹಾಗೆ ಕೂತು ಕೂತೇ ಬೇಡದ್ದು ಬೇಕಾಯಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲಿನಲ್ಲಿ ಹೋದರೆ ಸಿಗುವ 57 ಸುರಂಗಗಳ ಬಗ್ಗೆ, ಅಲ್ಲಿ ಮೊಬೈಲ್ ಸಿಗ್ನಲ್ ಹೋದಾಗ ಬೋಗಿಯಲ್ಲಿ ಅಂತ್ಯಾಕ್ಷರಿ ಶುರುವಾಗುವುದರ ಬಗ್ಗೆ ಬರೆದುಕೊಂಡು ಬಂದಿದ್ದೆ. ಬಿಡುತ್ತೇನೆ. ದಿನನಿತ್ಯದ ಬದುಕು ಅನ್ನುವ ಭಾಗವನ್ನೂ ಬಿಡುತ್ತೇನೆ, ಅದು ನಿಮಗೆ ಮನೆಗೆ ಹೋದ ಕೂಡಲೇ ಸಿಗುತ್ತದೆ.

ಒಂದು ಸಲಹೆ ಮಾತ್ರ. ಮುಂದಿನ ಸಲ ಕಾರಿನಲ್ಲಿ ಹೊರಟಾಗ ಎಲ್ಲರ ಇಯರ್‌ಫೋನು ಡಿಕ್ಕಿಗೆ ಹಾಕಿ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಹಾಡು ಹಾಕಬೇಕು, ಯಾರೂ ಸ್ಕಿಪ್ ಮಾಡುವಂತಿಲ್ಲ. ಇದನ್ನು ನಾನು ಮನೆಯಲ್ಲಿ ಹೇಳಿದೆ, ಸೊಸೆ ಜಾರಿಗೂ ತಂದಳು. ಹೋದ ತಿಂಗಳು ಮಡಿಕೇರಿಗೆ ಹೊರಟೆವು. ಮೊಮ್ಮಗಳ ಸರದಿ ಬಂತು. “ತಾತಾ, ಇದು ಬಿಟಿಎಸ್” ಅಂದಳು. ನನಗೆ ಬಿಟಿಎಸ್ ಅಂದರೆ ಬೆಂಗಳೂರಿನ ಹಳೆಯ ಸಿಟಿ ಬಸ್ಸು. ಯಾರೋ ಕಂಡಕ್ಟರ್ ಮೇಲೆ ಹಾಡು ಕಟ್ಟಿದ್ದಾರೆ ಅಂದುಕೊಂಡೆ. ನೋಡಿದರೆ ಕೊರಿಯಾದ ಹುಡುಗರು! ಬೇಡಮ್ಮ ಅಂತ ಹೇಳುವ ಹಾಗಿಲ್ಲ, ನಿಯಮ ಮಾಡಿದವನು ನಾನೇ. ಪ್ರತಿ ಸರದಿಗೂ ಅವಳು ಹಾಕಿದ್ದು ಅದೊಂದೇ ಹಾಡು. ಹುಣಸೂರಿನಲ್ಲಿ ಕೇಳಿದೆ, ಬೈಲಕುಪ್ಪೆಯಲ್ಲಿ ಕೇಳಿದೆ, ಕುಶಾಲನಗರ ದಾಟಿದ ಮೇಲೂ ಕೇಳಿದೆ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. “ಏನದು ಗುನುಗ್ತಾ ಇರೋದು?” ಅಂತ ನಮ್ಮ ಮನೆಯವರು ಕೇಳಿದರು. ನಾನು ದೇವರನಾಮ ಅಂದೆ. ಅವರು ನಂಬಲಿಲ್ಲ. ಹಾಡಿ ತೋರಿಸಿ ಅಂತ ದಯವಿಟ್ಟು ಯಾರೂ ಒತ್ತಾಯ ಮಾಡಬೇಡಿ, ಎರಡನೇ ಚೀಟಿ ಬಂದಾಗಿದೆ, ಉಪ್ಪಿಟ್ಟು ಆರುತ್ತಿದೆ ಅಂತ ಅದರಲ್ಲಿ ಬರೆದಿದ್ದಾರೆ. ನಮಸ್ಕಾರ.