ಹೆದರಿದವನ ಕೈಗೆ ಲಗಾಮು

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಇಳಿಸಿಕೊಳ್ಳುತ್ತೇನೆ. ಈಗ ಮಾತಾಡಿದ ಪೈಲ್ವಾನರ ಎತ್ತರ ನನಗಿಲ್ಲ.

ಅರ್ಧ ಗಂಟೆ ಕೊಟ್ಟಿದ್ದಾರೆ. ಚೀಟಿಯಲ್ಲಿ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಇದುವರೆಗೂ ಯಾವ ಚೀಟಿಯನ್ನೂ ಪೂರ್ತಿ ಮುಗಿಸಿದವನಲ್ಲ ನಾನು, ಮೊದಲೇ ಹೇಳಿಬಿಡುತ್ತೇನೆ.

ಹೋದ ತಿಂಗಳು ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಬಾಕ್ಸಿಂಗ್ ಬಿಟ್ಟ. ಬ್ಯಾಗಿಗೆ ಹೊಡೆದರೆ ಮೇಲಿನ ಸರಪಳಿ ಕುಣಿಯುತ್ತಿತ್ತು. ಸ್ಪಾರಿಂಗಿಗೆ, ಅಂದರೆ ಇನ್ನೊಬ್ಬನ ಎದುರು ಅಭ್ಯಾಸದ ಆಟಕ್ಕೆ, ನಿಲ್ಲಿಸಿದರೆ ಮಾತ್ರ ಕಲ್ಲು. ಕಣ್ಣು ತೆರೆದೇ ಇದೆ, ಕೈ ಏಳಲ್ಲ. ಬಿಡುವಾಗ ಒಂದೇ ಮಾತು ಹೇಳಿದ, "ಸರ್, ನನಗೆ ಧೈರ್ಯ ಇಲ್ಲ." ಈ ಮಾತು ಅವನಿಗೆ ಎಲ್ಲಿಂದ ಬಂತು? ಹಗ್ಗದ ಆಚೆ ನಿಂತು ನಾವೇ ಕೂಗಿದ್ದು. ನಾನೂ ಕೂಗಿದ್ದೆ. ಆ ಸಂಕಟಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ನನ್ನ ಕಥೆ ಕೇಳಿ. 1998, ನನಗೆ 22 ವರ್ಷ, ಬೆಂಗಳೂರಿನ ಒಂದು ತಗಡಿನ ಶೆಡ್ಡು. ನಾಲ್ಕು ತಿಂಗಳು ಕನ್ನಡಿ ಮುಂದೆ ಹೊಡೆದು ಹೊಡೆದು ನಾನೇ ದೊಡ್ಡ ಬಾಕ್ಸರ್ ಅಂದುಕೊಂಡಿದ್ದೆ. ಮೊದಲ ಸ್ಪಾರಿಂಗಿಗೆ ಎದುರು ಬಂದವನು ಮೀಸೆ ಇನ್ನೂ ಚಿಗುರದ ಹುಡುಗ, ತೂಕದಲ್ಲಿ ನನಗಿಂತ ಹತ್ತು ಕೆ.ಜಿ. ಕಡಿಮೆ. ಪಾಪ, ಇವನಿಗೆ ಏಟಾದರೆ ಏನು ಗತಿ ಅಂತ ನನಗೆ ಯೋಚನೆ.

ಬೆಲ್ ಆಯಿತು. ಅವನ ಎಡಗೈ ಗ್ಲೌಸಿನ ಲೇಸಿನ ಮೇಲೆ ಬಿಳಿ ಟೇಪ್ ಸುತ್ತಿದ್ದರು. ಅದರ ತುದಿ ಕಿತ್ತು ಬಂದಿತ್ತು. ನನಗೆ ಕಂಡಿದ್ದು ಅದೊಂದೇ. ಟೇಪು ದೊಡ್ಡದಾಗುತ್ತದೆ, ಮೂಗಿಗೆ ಬಡಿಯುತ್ತದೆ, ವಾಪಸ್ ಹೋಗುತ್ತದೆ. ಮತ್ತೆ ದೊಡ್ಡದಾಗುತ್ತದೆ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ, ಜಾತ್ರೆಯಲ್ಲಿ ತೇರು ನೋಡಿದ ಹಾಗೆ. ತಲೆ ಮೇಲೆ ಹಳೇ ಫ್ಯಾನು ಕಟಕಟ ಅನ್ನುತ್ತಿತ್ತು, ಅದೂ ಕೇಳಿಸದೆ ಹೋಯಿತು. ಕೇಳುತ್ತಿದ್ದದ್ದು ಕೋಚ್ ಕೂಗು ಮಾತ್ರ. "ಧೈರ್ಯ! ಧೈರ್ಯ ಮಾಡೋ! ಮದುವೆ ಗಂಡಿನ ಹಾಗೆ ನಿಂತಿದ್ದೀಯಲ್ಲೋ!" ಅದನ್ನು ಕೇಳಿದ ಮೇಲೆ ಕಾಲು ಇನ್ನೂ ಭಾರವಾಯಿತು. ಕೊನೆಗೆ ಬಿದ್ದೆ. ಏಟಿಗಲ್ಲ, ನನ್ನದೇ ಶೂ ಲೇಸ್ ತುಳಿದು.

ಎರಡನೇ ರೌಂಡಿನಲ್ಲಿ ಆ ಹುಡುಗ ಹತ್ತಿರ ಬಂದು ನನ್ನ ಭುಜಕ್ಕೆ ಆತುಕೊಂಡ. ಬಾಯಲ್ಲಿ ಮೌತ್‌ಗಾರ್ಡ್, ಮಾತು ತೊದಲು. "ಅಣ್ಣಾ, ಲೆಫ್ತು ಮಾತ್ರ ಹಾಕಿ. ಬೇರೆ ಏನೂ ಬೇಡ." ಸರಿ ಅಂತ ಎಡಗೈ ಚಾಚಿದೆ. ಅವನ ಗ್ಲೌಸಿಗೆ ತಗುಲಿತು. ಇನ್ನೊಂದು ಹಾಕಿದೆ, ಹಣೆಗೆ ಮುಟ್ಟಿತು. ಅಷ್ಟು ಹೊತ್ತಿಗೆ ನೋಡಿ, ಫ್ಯಾನಿನ ಸದ್ದು ವಾಪಸ್ ಬಂತು!

"ಉತ್ತರನ ಪೌರುಷ ಒಲೆ ಮುಂದೆ" ಅಂತ ನಾವೆಲ್ಲ ಆಡಿಕೊಂಡು ನಗುತ್ತೇವೆ. ನನಗೆ ಆ ಗಾದೆ ಮೇಲೆ ಸಿಟ್ಟಿದೆ. ಕಥೆಯ ಅರ್ಧಕ್ಕೇ ನಿಲ್ಲಿಸಿ ನಗುವ ಗಾದೆ ಅದು. ಕೌರವರ ಸೈನ್ಯ ನೋಡಿ ಹುಡುಗ ರಥದಿಂದ ಹಾರಿ ಓಡಿದ, ನಿಜ. ಬೃಹನ್ನಳೆ ಜಡೆ ಹಾರಿಸಿಕೊಂಡು, ಸೀರೆ ಎತ್ತಿಕೊಂಡು ಬೆನ್ನಟ್ಟಿದಳು, ಅತ್ತ ಕಡೆಯವರು ನಕ್ಕರು. ಕ್ಷತ್ರಿಯನಾಗಿ ಓಡುತ್ತೀಯಾ ಅಂತ ಬುದ್ಧಿ ಹೇಳಿದರೂ ಉತ್ತರ ಕೇಳಲಿಲ್ಲ. ಬಿಟ್ಟುಬಿಡು, ಚಿನ್ನ ಕೊಡ್ತೀನಿ, ಆನೆ ಕೊಡ್ತೀನಿ ಅಂದ. ಆಮೇಲೆ ಅರ್ಜುನ ಏನು ಮಾಡಿದ? ಧೈರ್ಯದ ಮಾತು ಬಿಟ್ಟು ಕೆಲಸ ಕೊಟ್ಟ. ಯುದ್ಧ ನಾನು ಮಾಡ್ತೀನಿ, ನೀನು ರಥ ಹೊಡಿ. ಅದಕ್ಕೂ ಮೊದಲು ಬನ್ನಿ ಮರ ಹತ್ತು, ಗಂಟು ಇಳಿಸು. ಮರ ಹತ್ತೋದು ಗೊತ್ತಿರುವ ಕೆಲಸ. ಹತ್ತಿದ, ಇಳಿದ, ಲಗಾಮು ಹಿಡಿದ. ಭೀಷ್ಮ, ದ್ರೋಣ, ಕರ್ಣರ ಎದುರಿಗೆ ರಥ ಹೊಡೆದವನು ಅದೇ ಉತ್ತರಕುಮಾರ. ಇನ್ನು ಸ್ವಲ್ಪ ದಿನಕ್ಕೆ ಬನ್ನಿ ಎಲೆ ಹಂಚುತ್ತೀರಲ್ಲ, ಆಗ ಆ ಹುಡುಗನನ್ನೂ ಒಂದು ಸಲ ನೆನೆಯಿರಿ.

ಹೆದರಿಕೆ ಅಂದರೆ ಕೈಲಾಗದವನ ಕಾಯಿಲೆ ಅಂದುಕೊಂಡಿದ್ದೇವೆ. ಅಮೆರಿಕದ ಬಾಕ್ಸಿಂಗ್ ಕೋಚ್ ಕಸ್ ಡಿ'ಅಮಾಟೊ ಗೊತ್ತಲ್ಲ ನಿಮಗೆ? ಅವರ ಇಬ್ಬರು ಶಿಷ್ಯರನ್ನು ನೋಡಿ. ಫ್ಲಾಯ್ಡ್ ಪ್ಯಾಟರ್ಸನ್ 1962ರಲ್ಲಿ ಸನ್ನಿ ಲಿಸ್ಟನ್ ಎದುರು ಮೊದಲ ರೌಂಡಿನಲ್ಲೇ ನೆಲ ಕಚ್ಚಿದರು. ಸೋತರೆ ಮುಖ ಮುಚ್ಚಿಕೊಂಡು ಹೋಗಬೇಕು ಅಂತ ಅಂಟಿಸುವ ಗಡ್ಡ ಮೀಸೆ ಮೊದಲೇ ತಂದಿಟ್ಟುಕೊಂಡಿದ್ದರಂತೆ! ಇನ್ನೊಬ್ಬ ಮೈಕ್ ಟೈಸನ್. 1982ರ ಜೂನಿಯರ್ ಒಲಿಂಪಿಕ್ಸಿನಲ್ಲಿ ಬೌಟಿಗೆ ಮೊದಲು ಹೊರಗೆ ನಿಂತು ಕೋಚ್ ಟೆಡ್ಡಿ ಅಟ್ಲಾಸ್ ಭುಜದ ಮೇಲೆ ಅಳುತ್ತಿದ್ದ. ಅದರ ವಿಡಿಯೋನೇ ಇದೆ. ಒಳಗೆ ಹೋಗಿ ಗೆದ್ದ. ಪ್ಯಾಟರ್ಸನ್ 1956ರಲ್ಲಿ 21 ವರ್ಷಕ್ಕೆ ಹೆವಿವೇಟ್ ಚಾಂಪಿಯನ್, ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿಗೆ ಆದವರು ಯಾರೂ ಇಲ್ಲ. ಆ ದಾಖಲೆ ಮುರಿದವನು 1986ರಲ್ಲಿ 20 ವರ್ಷದ ಟೈಸನ್. ಒಬ್ಬ ಗಡ್ಡ ಅಂಟಿಸಿಕೊಳ್ಳುವವನು, ಒಬ್ಬ ಅಳುವವನು. ಇವರಿಬ್ಬರೂ ನಮ್ಮ ಶೆಡ್ಡಿಗೆ ಬಂದಿದ್ದರೆ ಮೊದಲ ವಾರವೇ ಮನೆಗೆ ಕಳಿಸುತ್ತಿದ್ದೆವು, ಅಲ್ವಾ?

ಮೈ ಕಲ್ಲಾಗೋದು ಯಾಕೆ? ಬೆಕ್ಕು ಕಂಡ ಇಲಿ ತಕ್ಷಣ ಓಡಲ್ಲ, ನಿಂತುಬಿಡುತ್ತದೆ. ಅಲ್ಲಾಡಿದ್ದು ಬೆಕ್ಕಿನ ಕಣ್ಣಿಗೆ ಬೇಗ ಬೀಳುತ್ತದೆ, ಅದಕ್ಕೆ. ನಮ್ಮ ಮೈಗೂ ಅದೇ ಹಳೇ ಬುದ್ಧಿ. ರಿಂಗಿನಲ್ಲಿ ಅದು ನಡೆಯಲ್ಲ, ಎದುರಿನವನಿಗೆ ನಿಂತವನೇ ಬೇಕು. ಎದೆ ಡವಡವ, ಬಾಯಿ ಒಣಗುತ್ತದೆ, ನೋಟ ಕೊಳವೆಯಾಗುತ್ತದೆ. ಮುಖ್ಯವಾಗಿ ಉಸಿರು ಕಟ್ಟುತ್ತದೆ. ಉಸಿರು ಬಿಗಿಹಿಡಿದು ಒಂದು ನಿಮಿಷ ಕೈ ಎತ್ತಿ ನಿಂತರೆ ಭುಜ ಸತ್ತೇ ಹೋಗುತ್ತದೆ. ಹುಡುಗ ಸುಸ್ತಾದ, ಸ್ಟ್ಯಾಮಿನಾ ಇಲ್ಲ ಅನ್ನುತ್ತೀರಿ. ಅವನು ಉಸಿರೇ ಆಡಿಲ್ಲ ಸ್ವಾಮಿ!

ಪಂಚ್ ಹಾಕುವಾಗ "ಸ್ಸ್" ಅಂತ ಗಾಳಿ ಬಿಡಿಸೋದು ಯಾಕೆ ಅಂದುಕೊಂಡಿದ್ದೀರಿ? ಸದ್ದಿನ ನೆಪದಲ್ಲಿ ಉಸಿರು ಹೊರಗೆ ಬರುತ್ತದೆ. ಹೊರಗೆ ಹೋದರೆ ಒಳಗೆ ತಾನೇ ಬರುತ್ತದೆ. ಉಸಿರು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ಎದೆ ಬಡಿತವೂ ಇಳಿಯುತ್ತದೆ. ರೌಂಡಿನ ನಡುವೆ ಆ ಒಂದು ನಿಮಿಷ ಇದನ್ನು ಮಾಡಿಸಿ. ನಾವು ಮಾಡೋದೇನು? ಮುಖಕ್ಕೆ ನೀರು ಎರಚಿ ಧೈರ್ಯ ಹೇಳೋದು.

ಇನ್ನೊಂದು ಮಾತು, ಇದಕ್ಕೆ ಕೆಲವರು ಬೇಜಾರಾಗಬಹುದು. "ಹೊಡೆಸಿಕೊಂಡರೇ ಕಲಿಯೋದು" ಅನ್ನುತ್ತೇವೆ ನಾವು. ಮೂರು ತಿಂಗಳು ಕಲಿತ ಹುಡುಗನ ಮುಂದೆ ಐದು ವರ್ಷ ಕಲಿತವನನ್ನು ಬಿಡುತ್ತೇವೆ. ಹುಡುಗ ಕಲಿಯುತ್ತಾನೆ, ನಿಜ. ಕಲಿಯೋದು ಕಲ್ಲಾಗೋದನ್ನ. ಹೆಡ್‌ಗಾರ್ಡ್ ಇದೆಯಲ್ಲ ಅನ್ನಬೇಡಿ. ಅದು ಹುಬ್ಬು ಹರಿಯೋದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗೋದನ್ನು ತಡೆಯಲ್ಲ. ನಮ್ಮ ಗರಡಿಯವರು ಇದರಲ್ಲಿ ಮೇಲು. ಒಬ್ಬ ಹಳೇ ವಸ್ತಾದ್, ಕುಸ್ತಿ ಗುರು, ಹೊಸ ಹುಡುಗನಿಗೆ ತನ್ನ ಕುತ್ತಿಗೆ ಕೊಟ್ಟು, "ತಳ್ಳು, ನಾನು ಬೀಳಲ್ಲ, ನೀನೂ ಬೀಳಲ್ಲ" ಅಂತ ವಾರಗಟ್ಟಲೆ ಬರೀ ತಳ್ಳಿಸಿದ್ದನ್ನು ಇದೇ ಊರಲ್ಲಿ ನೋಡಿದ್ದೇನೆ. ಪಟ್ಟು, ವರಸೆ ಎಲ್ಲ ಆಮೇಲೆ. ಮಟ್ಟಿಯ, ಅಂದರೆ ಕುಸ್ತಿ ಕಣದ, ಕೆಮ್ಮಣ್ಣು ಮೈಗೆ ಹತ್ತಿದ ಹಾಗೆ ಹೆದರಿಕೆಯೂ ಹತ್ತಿ, ಒಣಗಿ, ಉದುರುತ್ತಿತ್ತು. ದಸರಾದಲ್ಲಿ ಮೈಸೂರು ಅರಮನೆಯಲ್ಲಿ ಕೈಗೆ ಮುಳ್ಳಿನ ಆಯುಧ ತೊಟ್ಟು ಆಡುವ ವಜ್ರಮುಷ್ಟಿ ಕಾಳಗದ ಲೆಕ್ಕ ಬೇರೆ ಬಿಡಿ. ಅಲ್ಲಿ ರಕ್ತ ಕಂಡರೆ ಮುಗಿಯಿತು, ಕಲ್ಲಾಗಲಿಕ್ಕೂ ಪುರುಸೊತ್ತಿಲ್ಲ.

ಚೀಟಿ ಬಂತು. ಐದು ನಿಮಿಷ ಅಂತೆ. ನನ್ನ ಚೀಟಿಯಲ್ಲಿ ಇನ್ನೂ ಎರಡು ವಿಷಯ ಇವೆ, ಗಡಿಬಿಡಿಯಲ್ಲಿ ಹೇಳುತ್ತೇನೆ. ಮೊದಲ ತಿಂಗಳು ಮುಖಕ್ಕೆ ಹೊಡೆಸಬೇಡಿ, ಭುಜ ಮುಟ್ಟುವ ಆಟ ಆಡಿಸಿ. ಆಮೇಲೆ ಒಬ್ಬ ಎಡಗೈ ಮಾತ್ರ ಹಾಕಲಿ, ಇನ್ನೊಬ್ಬ ತಪ್ಪಿಸಿಕೊಳ್ಳಲಿ ಅಷ್ಟೇ. ಜೋರು ಎಷ್ಟು ಅಂತ ಬೆಲ್‌ಗೆ ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು ಅಪ್ಪ ಅಮ್ಮಂದಿರಿಗೆ. ವಿಡಿಯೋ ಮಾಡಿ ಮನೆ ಗುಂಪಿಗೆ ಕಳಿಸಬೇಡಿ, ದಯವಿಟ್ಟು. ಯಾಕೆ ಅಂತ ವಿವರಿಸೋಕೆ ಹೊತ್ತಿಲ್ಲ, ನಿಮ್ಮ ಮಕ್ಕಳನ್ನೇ ಕೇಳಿ.

ಸುಮ್ನೆ ಮಾತು ಬೇಡ, ಎರಡು ನಿಮಿಷ ತೋರಿಸಿಬಿಡುತ್ತೇನೆ. ಗ್ಲೌಸ್ ತಂದಿದ್ದೇನೆ. ಮೂರನೇ ಸಾಲಿನಲ್ಲಿ ಹಸಿರು ಟೀ ಶರ್ಟ್ ಹಾಕಿರೋ ಹುಡುಗಿ, ಆಗಲೇ ಬಾಗಿಲ ಹತ್ತಿರ "ಸರ್, ನನಗೆ ಕೈ ನಡುಗುತ್ತೆ" ಅಂದೆಯಲ್ಲ, ಬಾಮ್ಮ ಮೇಲೆ. ನಡುಗಲಿ ಬಿಡು, ನನಗೂ ಈಗ ಮೈಕ್ ಹಿಡಿದು ನಡುಗುತ್ತಿದೆ. ಚಪ್ಪಲಿ ಅಲ್ಲೇ ಬಿಡು. ಯಾರಾದರೂ ಬೆಲ್ ಬದಲು ಆ ಸ್ಟೀಲ್ ಲೋಟ ಬಡೀರಿ. ಹಾಂ, ನನ್ನ ಭುಜ ನೋಡು. ಲೆಫ್ಟ್ ಮಾತ್ರ ಹಾಕು, ಬೇರೆ ಏನೂ ಬೇಡ.