ಲ್ಯಾಬಿನೊಳಗೇ ಒಂದು ಲಿನಕ್ಸ್ ರೆಪೊಸಿಟರಿ

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಲೇಜು ಲ್ಯಾಬ್ ನೋಡಿಕೊಳ್ಳುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ನೇರ ಲೆಕ್ಕಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಹಾಕಿದ 40 ಕಂಪ್ಯೂಟರ್ ಇವೆ ಅಂತಿಟ್ಟುಕೊಳ್ಳಿ. ಒಂದೊಂದಕ್ಕೂ 500 ಎಂಬಿ ಅಪ್‌ಡೇಟ್ ಬಂದರೆ 20 ಜಿಬಿ ಆಯ್ತು. ಅವೇ ಫೈಲುಗಳು, 40 ಸಲ! ಒಂದೇ ಸಲ ಸರ್ವರಿಗೆ ಇಳಿಸಿಕೊಂಡು ಎನ್‌ಎಫ್‌ಎಸ್ (ಸರ್ವರಿನ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚುವ ವ್ಯವಸ್ಥೆ) ಮೂಲಕ ಹಂಚಿದರೆ ಸಾಕಲ್ವಾ?

ಸಾಕು. ಆದರೆ ಸುಮ್ನೆ ಡೆಬ್ ಫೈಲುಗಳನ್ನು (ಡೆಬಿಯನ್‌ನ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು) ಒಂದು ಫೋಲ್ಡರಿಗೆ ಸುರಿದರೆ ರೆಪೊಸಿಟರಿ, ಅಂದರೆ ಪ್ಯಾಕೇಜುಗಳ ಭಂಡಾರ, ಆಗುವುದಿಲ್ಲ. ಪ್ಯಾಕೇಜ್ ತಂದು ಹಾಕುವ ಆಪ್ಟ್ ಎಂಬ ಪ್ರೋಗ್ರಾಂ ಫೋಲ್ಡರ್ ತಡಕುವುದಿಲ್ಲ, ಪಟ್ಟಿ ಕೇಳುತ್ತದೆ. 'ಪ್ಯಾಕೇಜಸ್' ಅನ್ನುವ ಫೈಲಿನಲ್ಲಿ ಪ್ರತಿ ಪ್ಯಾಕೇಜಿನ ಹೆಸರು, ವರ್ಷನ್, ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಜೊತೆಗೆ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಇರುತ್ತವೆ. ಆ ಪಟ್ಟಿಯ ಹ್ಯಾಶ್ 'ರಿಲೀಸ್' ಫೈಲಿನಲ್ಲಿರುತ್ತದೆ. ರಿಲೀಸ್ ಫೈಲಿಗೆ ಡೆಬಿಯನ್‌ನವರ ಡಿಜಿಟಲ್ ಸಹಿ ಇರುತ್ತದೆ. ಹಂಚಿದ ಫೋಲ್ಡರಿನಲ್ಲಿ ಯಾರೋ ಒಂದು ಡೆಬ್ ಬದಲಿಸಿಟ್ಟರೂ ಆಪ್ಟ್ ಹಿಡಿದುಬಿಡುತ್ತದೆ. ರೆಪೊಸಿಟರಿಯ ನಕಲು, ಅಂದರೆ ಮಿರರ್, ಇಳಿಸಿಕೊಳ್ಳುವ ಆಪ್ಟ್-ಮಿರರ್ ಪ್ರೋಗ್ರಾಂ ಇವೆಲ್ಲವನ್ನೂ ಇದ್ದಂತೆಯೇ ತರುತ್ತದೆ.

ಎಚ್ಚರಿಕೆಯ ಸಾಲುಗಳ ಕಾಟ ತಾಳದೆ ಸೋರ್ಸ್ ಸಾಲಿಗೆ (ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಆಪ್ಟ್‌ಗೆ ಹೇಳುವ ಸಾಲಿಗೆ) 'ಟ್ರಸ್ಟೆಡ್=ಯೆಸ್' ಸೇರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಹಿ ನೋಡುವುದೇ ಬೇಡ ಅಂದಮೇಲೆ ಹ್ಯಾಶ್ ಇದ್ದೇನು ಬಂತು? ನಿಮ್ಮದೇ ಪ್ಯಾಕೇಜ್ ಇದ್ದರೆ ನಿಮ್ಮದೇ ಜಿಪಿಜಿ (ಡಿಜಿಟಲ್ ಸಹಿ ಹಾಕುವ ಪ್ರೋಗ್ರಾಂ) ಕೀಯಿಂದ ಸಹಿ ಮಾಡಿ.

ಇನ್ನು ಎಕ್ಸ್‌ಪೋರ್ಟ್ಸ್ ಫೈಲ್. ಯಾವ ಫೋಲ್ಡರ್ ಯಾರಿಗೆ ಹಂಚಬೇಕೆಂದು ಎನ್‌ಎಫ್‌ಎಸ್ ಸರ್ವರಿಗೆ ಹೇಳುವುದು ಇದು. ಇಲ್ಲಿ ಒಂದು ಸ್ಪೇಸ್ ಮೇಲೆ ಕಣ್ಣಿಡಿ. ಲ್ಯಾಬಿನ ನೆಟ್‌ವರ್ಕ್ ವಿಳಾಸ, ಉದಾಹರಣೆಗೆ 192.168.1.0/24, ಆದಮೇಲೆ ಅನುಮತಿಯ ಬ್ರಾಕೆಟ್ ಅಂಟಿಕೊಂಡೇ ಬರಬೇಕು. ನಡುವೆ ಸ್ಪೇಸ್ ಬಿಟ್ಟರೆ ಬ್ರಾಕೆಟಿನೊಳಗಿನ ಅನುಮತಿ ನಿಮ್ಮ ಲ್ಯಾಬಿಗಲ್ಲ, ಊರಿಗೆಲ್ಲ ಹೋಗುತ್ತದೆ. ಅದರಲ್ಲಿ ಆರ್‌ಡಬ್ಲ್ಯೂ (ಓದುವ, ಬರೆಯುವ ಅನುಮತಿ) ಇತ್ತೋ, ಮುಗೀತು. ಹೇಗೂ ರೆಪೊಸಿಟರಿಗೆ ಆರ್‌ಓ (ಓದುವುದಕ್ಕೆ ಮಾತ್ರ) ಸಾಕು. ಫೈಲುಗಳನ್ನು ಎಲ್ಲರೂ ಓದುವಂತಿರಲಿ, ಯಾಕೆಂದರೆ ಆಪ್ಟ್ ಫೈಲು ತರುವುದು ಎಲ್ಲ ಅಧಿಕಾರವಿರುವ ರೂಟ್ ಯೂಸರ್ ಆಗಿ ಅಲ್ಲ, ತನ್ನದೇ ಬೇರೆ ಯೂಸರ್ ಆಗಿ.

ಕರೆಂಟಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಎನ್‌ಎಫ್‌ಎಸ್ ಮೌಂಟ್ (ಹಂಚಿದ ಫೋಲ್ಡರಿನ ಜೋಡಣೆ) ನಾವೇನೂ ಬದಲಿಸದಿದ್ದರೆ 'ಹಾರ್ಡ್' ಆಗಿರುತ್ತದೆ. ಸರ್ವರ್ ಆರಿದರೆ ಅದು ಮರಳಿ ಬರುವವರೆಗೂ ಕ್ಲೈಂಟ್ (ಲ್ಯಾಬಿನ ಕಂಪ್ಯೂಟರ್) ಕಾಯುತ್ತಲೇ ಕೂರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಮಾಡಬೇಕೆಂಬ ಪಟ್ಟಿಯಲ್ಲಿ) ನೋಫೇಲ್ ಹಾಕಿಡಿ, ಬೂಟ್ ಆದರೂ ಆಗುತ್ತದೆ. ಸೋರ್ಸ್ ಸಾಲಿನಲ್ಲಿ 'ಫೈಲ್' ಬದಲು 'ಕಾಪಿ' ಅಂತ ಬರೆದರೆ ಪ್ಯಾಕೇಜ್ ಮೊದಲು ಲೋಕಲ್ ಡಿಸ್ಕಿಗೆ ಬರುತ್ತದೆ. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಸರ್ವರ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಡಿಸ್ಕ್ ಸಣ್ಣದಿದ್ದರೆ ಪೂರ್ತಿ ಮಿರರ್ ಬಿಡಿ. ಸರ್ವರಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಎಂಬ ಪ್ರೋಗ್ರಾಂ ಹಾಕಿ. 3142ನೇ ಪೋರ್ಟಿನಲ್ಲಿ ಯಾರಾದರೂ ಕೇಳಿದ್ದನ್ನಷ್ಟೇ ತಂದಿಟ್ಟುಕೊಳ್ಳುತ್ತದೆ.

ಕೊನೆಗೆ ಬೇಸಿಗೆ ರಜೆ. ಡೆಬಿಯನ್ ಸೆಕ್ಯುರಿಟಿಯ ರಿಲೀಸ್ ಫೈಲಿಗೆ ಸುಮಾರು ಒಂದು ವಾರದ ಆಯುಸ್ಸು. ಹಳೇ ಪಟ್ಟಿ ತೋರಿಸಿ ಯಾರೂ ಮೋಸ ಮಾಡದಿರಲಿ ಅಂತ ಆ ವ್ಯವಸ್ಥೆ. ಸರ್ವರ್ ಆಫ್ ಮಾಡಿ ರಜೆಗೆ ಹೋದಿರೋ, ಮರಳಿ ಬಂದಾಗ ಎಲ್ಲ ಕಂಪ್ಯೂಟರೂ 'ಎಕ್ಸ್‌ಪೈರ್ಡ್' (ಅವಧಿ ಮುಗಿದಿದೆ) ಅನ್ನುತ್ತವೆ. ಗಾಬರಿ ಬೇಡ, ಅವಧಿಯ ತಪಾಸಣೆ ಆಫ್ ಮಾಡುವುದೂ ಬೇಡ. ಮೊದಲು ಸರ್ವರಿನಲ್ಲಿ ಆಪ್ಟ್-ಮಿರರ್ ಓಡಿಸಿ, ಆಮೇಲೆ ಉಳಿದ ಕಂಪ್ಯೂಟರುಗಳನ್ನು ಮುಟ್ಟಿ.